ಬಾನೆಟ್ಟು ಬೆಚ್ಚಗಿತ್ತು

ಫೌಜದಾರ ವಿಘ್ನೇಶ್ವರ ಭಂಡಾರಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ತೆಗೆಯಲಿಲ್ಲ.

ಶೆಡ್ಡಿನ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ತೆಂಗಿನ ಗರಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಗದ್ದೆಯ ಕಡೆಯಿಂದ ಬರುವ ಗಾಳಿಗೆ ಹವಾಲ್ದಾರ ಮಾಬ್ಲ ಮಫ್ಲರನ್ನು ಕಿವಿಯ ಮೇಲೆ ಎಳೆದುಕೊಂಡು ನಿಂತಿದ್ದ. ಮುಟ್ಟಳ್ಳಿ ಊರಿನ ಕಬ್ಬಿಣವೆಲ್ಲ ಕೊರೆಯುತ್ತಿರಬೇಕಾದ ಹೊತ್ತು. ಈ ಕಾರಿನ ಬಾನೆಟ್ಟು ಮಾತ್ರ ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು.

"ಹೆಗಡೇರೆ, ಇಷ್ಟು ಬೇಗ ಎಲ್ಲಿಗೆ ಹೋಗಿ ಬಂದಿರಿ?"

ರಸ್ತೆ ಕಂತ್ರಾಟುದಾರ ನಾಗಪತಿ ಹೆಗಡೆ ಶಾಲು ಹೊದ್ದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅದು ಅವನದೇ ಕಾರು.

"ಎಲ್ಲಿಗೂ ಹೋಗಿಲ್ಲ."

"ಎಂಜಿನ್ನು ಬಿಸಿ ಇದೆ."

"ಚಳಿಗಾಲ ನೋಡಿ. ಬ್ಯಾಟರಿ ಇಳಿದುಹೋಗುತ್ತದೆ. ಬೆಳಿಗ್ಗೆ ಎದ್ದು ಸ್ವಲ್ಪ ಹೊತ್ತು ಓಡಿಸಿಡುತ್ತೇನೆ."

"ಒಳ್ಳೆಯದು. ಈಗೊಮ್ಮೆ ಶುರು ಮಾಡಿ."

ಹೆಗಡೆ ಒಳಗೆ ಕೂತ. ಯುದ್ಧಕ್ಕೆ ಮುಂಚಿನ ವಿಲಾಯ್ತಿ ಕಾರು ಅದು. ಮೈಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಎಡಗಡೆಯ ಮಡ್‌ಗಾರ್ಡ್ ಮಾತ್ರ ಹೊಸ ಕಪ್ಪು ಬಣ್ಣದಲ್ಲಿ ಹೊಳೆಯುತ್ತಿತ್ತು. ಎಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ವಾಲ್ವುಗಳ ಸಣ್ಣ ಚಿಟಿಚಿಟಿ ಬಿಟ್ಟರೆ ಬೇರೆ ಸದ್ದಿಲ್ಲ. ದರ್ಜಿಯ ಹೊಲಿಗೆ ಯಂತ್ರದ ಹಾಗೆ ಓಡಿತು.

"ಕೇಳಿದಿರಲ್ಲ. ಕುಟ್ಟುತ್ತದೆಯೇ ಎಲ್ಲಾದರೂ?" ಎಂದ ಹೆಗಡೆ.

ಭಂಡಾರಿ ಕೈ ಒರೆಸಿಕೊಂಡ.

"ಕುಟ್ಟುವ ಮಾತು ನಾನು ಎತ್ತಲೇ ಇಲ್ಲವಲ್ಲ ಹೆಗಡೇರೆ. ಶುರು ಮಾಡಿ ಎಂದೆ, ಅಷ್ಟೇ."

ಹೆಗಡೆ ಎಂಜಿನ್ನು ನಿಲ್ಲಿಸಿದ. ಅವನ ಮುಖ ಕಾಣುವಷ್ಟು ಬೆಳಕು ಆಗ ಬಂದಿತ್ತು.

ಅದೇ ಹಳ್ಳಿಯ ರಸ್ತೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಸೂಲಗಿತ್ತಿ ದೇವಿಯನ್ನು ಒಂದು ಕಾರು ಅರೆದುಹಾಕಿ ಹೋಗಿ ವಾರ ಕಳೆದಿರಲಿಲ್ಲ. ಕೂಲಿ ಹೆಣ್ಣು ಸುಕ್ರಿಗೆ ಹೆರಿಗೆ ಮಾಡಿಸಿ, ನಸುಕಿನಲ್ಲಿ ಅವಳ ಗುಡಿಸಲಿನಿಂದ ಹೊರಬಿದ್ದವಳು ಮತ್ತೆ ಮನೆ ಸೇರಲಿಲ್ಲ. ಭಟ್ಕಳ ಪೇಟೆಯ ಬಟ್ಟೆ ಸಾಹುಕಾರರ ಡ್ರೈವರ್ ದುರ್ಗ ಅದೇ ಬೆಳಿಗ್ಗೆ ಹೊನ್ನಾವರದಿಂದ ಬಂದಿದ್ದ. ಅವನ ಕಾರಿನ ಮುಂಭಾಗದಲ್ಲಿ ಹಳೆಯದೊಂದು ತಗ್ಗಿತ್ತು. ಸಿಟ್ಟಿಗೆದ್ದ ಜನ ಅವನನ್ನು ರಸ್ತೆಯಲ್ಲೇ ಹಿಡಿದು ಹೊಡೆದರು. ಬಿಡಿಸಿ ತಂದು ಠಾಣೆಯ ಕೊಠಡಿಯಲ್ಲಿ ಇಟ್ಟವನು ಭಂಡಾರಿಯೇ.

ಕಾರನ್ನು ಕಂಡವರು ಒಬ್ಬರೂ ಇರಲಿಲ್ಲ. ಕೇಳಿದವಳು ಒಬ್ಬಳಿದ್ದಳು. ಬೆಂಕಿಯ ಪಕ್ಕದಲ್ಲಿ, ಹಸಿ ಬಾಣಂತಿಯಾಗಿ ಮಲಗಿದ್ದ ಸುಕ್ರಿ.

"ತಾಮ್ರದ ಕೊಡದ ಹೊಟ್ಟೆಗೆ ಬೆರಳಿನ ಗೆಣ್ಣಿಂದ ಹೊಡ್ದಾಂಗೆ ಕೇಳ್ತು ಒಡೆಯಾ" ಎಂದು ಅವಳು ಮೊದಲ ದಿನ ಹೇಳಿದ್ದಳು. "ಡೊಗ್ ಡೊಗ್ ಡೊಗ್ ಅಂತ. ಆಮೇಲೆ ದೇವಕ್ಕ ಕೂಗ್ತು."

ಪೋಲೀಸು ಸೇರುವ ಮೊದಲು ಭಂಡಾರಿ ಕುಮಟೆಯಲ್ಲಿ ಸೋದರಮಾವನ ಬಾಡಿಗೆ ಕಾರು ಓಡಿಸಿದವನು. ಘಟ್ಟ ಹತ್ತಿಸಿ ಇಳಿಸಿ ಅವನ ಕಿವಿ ಪಳಗಿತ್ತು. ವಾಲ್ವು ಸಡಿಲವಾದರೆ ಚಿಟಿಚಿಟಿ ಎನ್ನುತ್ತದೆ, ಕೊಡದ ಸದ್ದು ಬರುವುದಿಲ್ಲ. ಬೇರಿಂಗು ಸವೆದರೆ ಕುಟ್ಟುವುದು ಹೌದು, ಆದರೆ ಅದು ಎಂಜಿನ್ನು ಕಾದು ಎಣ್ಣೆ ತೆಳ್ಳಗಾದ ಮೇಲೆ ಜೋರಾಗುತ್ತದೆ. ತಣ್ಣಗಿರುವಾಗ ಡೊಗ್ ಡೊಗ್ ಎಂದು ಟೊಳ್ಳಾಗಿ ಕುಟ್ಟಿ, ಕಾವೇರುತ್ತಿದ್ದ ಹಾಗೆ ಸುಮ್ಮನಾಗುವುದು ಒಂದೇ: ಸವೆದ ಪಿಸ್ಟನ್ನು. ತಣ್ಣಗಿದ್ದಾಗ ಕುಗ್ಗಿ ಸಿಲಿಂಡರಿನ ಗೋಡೆಗೆ ಬಡಿಯುತ್ತದೆ. ಬಿಸಿಯಾದರೆ ಉಬ್ಬಿ ತನ್ನ ಜಾಗದಲ್ಲಿ ಬಿಗಿಯಾಗಿ ಕೂರುತ್ತದೆ.

ದುರ್ಗ ಆ ದಿನ ಶರಾವತಿ ದಾಟಿದ್ದು ಕತ್ತಲಿರುವಾಗಲೇ ಹೊರಟ ಮೊದಲ ಜಂಗಲಿನಲ್ಲಿ, ಕಾರು ಸಾಗಿಸುವ ಜೋಡುದೋಣಿಯಲ್ಲಿ. ತಾರಿಯವರು ಅವನನ್ನೂ ಕಾರನ್ನೂ ನೆನಪಿಟ್ಟಿದ್ದರು. ಅಲ್ಲಿಂದ ಮಂಕಿ, ಮುರ್ಡೇಶ್ವರ ಹಿಂದೆ ಹಾಕಿ ಬರುವಷ್ಟರಲ್ಲಿ ಅವನ ಎಂಜಿನ್ನು ಕಾದು ಕೆಂಡವಾಗಿರಬೇಕು. ಎಷ್ಟೇ ಸವೆದ ಪಿಸ್ಟನ್ನಾದರೂ ಮುಟ್ಟಳ್ಳಿ ಮುಟ್ಟುವಾಗ ಬಾಯಿ ಮುಚ್ಚಿರುತ್ತಿತ್ತು.

ದೇವಿಯನ್ನು ಕೊಂದ ಕಾರು ದೂರದಿಂದ ಬಂದದ್ದಲ್ಲ. ರಾತ್ರಿಯೆಲ್ಲ ತಣ್ಣಗೆ ನಿಂತಿದ್ದು, ಹತ್ತಿರದಲ್ಲೇ ಎಲ್ಲೋ ಶುರುವಾಗಿ, ಕಾವು ಏರುವ ಮೊದಲೇ ಸುಕ್ರಿಯ ಬಾಗಿಲಿಗೆ ಬಂದದ್ದು.

ಮುಟ್ಟಳ್ಳಿಯಲ್ಲಿ ಇದ್ದದ್ದು ಒಂದೇ ಕಾರು.

ಶೆಡ್ಡಿನಿಂದ ಮನೆಯ ಕಡೆ ನಡೆಯುವಾಗ ಭಂಡಾರಿಯ ತಲೆಯಲ್ಲಿ ಬೇರೊಂದು ಪ್ರಶ್ನೆ ಕೊರೆಯುತ್ತಿತ್ತು. ಸದ್ದಿನ ಸಂಗತಿ ಹೆಗಡೆಗೆ ಹೇಳಿದ್ದು ಯಾರು? ಸುಕ್ರಿ ಹೇಳುವಾಗ ಗುಡಿಸಲಿನಲ್ಲಿ ಇದ್ದವರೇ ಬೆರಳೆಣಿಕೆಯ ಜನ. ಅವಳ ಅತ್ತೆ ಸುಬ್ಬಿ, ಬಿದಿರಿನ ತಟ್ಟಿಯ ಪಕ್ಕದಲ್ಲಿ. ಮಗುವನ್ನು ನೋಡಲು ಬಂದಿದ್ದ ಡಾಕ್ಟರ್ ರಮಾಕಾಂತ, ದೇವಿ ಕೆಲಸ ಮಾಡುತ್ತಿದ್ದ ಖಾಸಗಿ ಹೆರಿಗೆಮನೆಯ ಯಜಮಾನರು; ಆಗ ಅವರ ಎರಡೂ ಕಿವಿಯಲ್ಲಿ ಸ್ಟೆಥಾಸ್ಕೋಪು ಇತ್ತು, ತಲೆ ಕೂಸಿನ ಎದೆಯ ಮೇಲೆ ಬಾಗಿತ್ತು. ಮತ್ತೆ, ಬಾಗಿಲಲ್ಲಿ ಹವಾಲ್ದಾರ ಮಾಬ್ಲ.

ಮಾಬ್ಲನ ತಮ್ಮ ಹೆಗಡೆಯ ಬಳಿಯೇ ಮೇಸ್ತ್ರಿ ಕೆಲಸಕ್ಕಿದ್ದ.

ಭಂಡಾರಿ ತಿರುಗಿ ನೋಡಿದ. ಮಾಬ್ಲ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಭಂಡಾರಿಗೆ ಸುಲಭವಾಗುತ್ತಿತ್ತು.

ಹೆಗಡೆ ಜಗಲಿಯಲ್ಲಿ ಕುರ್ಚಿ ಹಾಕಿಸಿದ. ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದಾರು ವರ್ಷವಾಗಿದ್ದರೂ ಜಿಲ್ಲೆಯ ಜನ ಸಬ್ ಇನ್ಸ್‌ಪೆಕ್ಟರನ್ನು ಫೌಜದಾರರೆಂದೇ ಕರೆಯುತ್ತಿದ್ದರು, ಕುರ್ಚಿಯೂ ಹಾಗೆಯೇ ಬರುತ್ತಿತ್ತು. ಭಂಡಾರಿ ಕೂರಲಿಲ್ಲ.

"ಮಡ್‌ಗಾರ್ಡಿಗೆ ಬಣ್ಣ ಯಾವಾಗ ಹೊಡೆಸಿದಿರಿ?"

"ಗೇಟಿಗೆ ತಾಗಿತ್ತು. ನಾನೇ ಹೊಡೆದೆ."

"ಯಾವಾಗ?"

"ನೆನಪಿಲ್ಲ."

"ಕಾರನ್ನು ಬೇರೆ ಯಾರಾದರೂ ಓಡಿಸುವುದುಂಟೇ?"

"ಇಲ್ಲ. ಕೀಲಿ ಯಾವಾಗಲೂ ನನ್ನ ಹತ್ತಿರ ಇರುತ್ತದೆ." ಹೆಗಡೆಯ ಧ್ವನಿಗೆ ಈಗ ಸ್ವಲ್ಪ ಬಲ ಬಂತು. "ಆ ದಿನ ನಾನು ಊರಲ್ಲೇ ಇರಲಿಲ್ಲ ಫೌಜದಾರರೆ. ಕುಮಟೆಯ ಹತ್ತಿರ, ಬಾಡದಲ್ಲಿ, ಭಾವನ ಮನೆಯಲ್ಲಿದ್ದೆ. ಬೇಕಾದರೆ ವಿಚಾರಿಸಿ."

"ವಿಚಾರಿಸಿ ಬಂದೆ. ನೀವು ಹೇಳಿದ್ದು ನಿಜ. ಬಸ್ಸಿನಲ್ಲಿ ಹೋಗಿದ್ದಿರಿ, ಬಸ್ಸಿನಲ್ಲೇ ಬಂದಿರಿ. ಬೆಳಗಾಗುವಾಗ ನೀವು ಬಾಡದಲ್ಲಿ ಚಹಾ ಕುಡಿಯುತ್ತಿದ್ದದ್ದನ್ನು ಅಕ್ಕಪಕ್ಕದವರೂ ಕಂಡಿದ್ದಾರೆ."

"ಮತ್ತೆ?"

"ಮತ್ತೆ ಇವತ್ತು ಬೆಳಗಾಗುವ ಮೊದಲು ಎದ್ದು ಎಂಜಿನ್ನು ಕಾಯಿಸಿದ್ದು ಯಾಕೆ? ನೀವು ಗುದ್ದಿಲ್ಲ. ಹಾಗಾದರೆ ಕಾರಿನ ಸದ್ದು ಅಡಗಿಸಿ ಯಾರನ್ನು ಉಳಿಸುತ್ತಿದ್ದೀರಿ?"

ಹೆಗಡೆ ಶಾಲನ್ನು ಮೈಗೆ ಎಳೆದುಕೊಂಡ. ಅವನ ಹೆಂಡತಿ ಮಾದೇವಿ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದವಳು ಹೊಸಿಲಿನಲ್ಲೇ ನಿಂತಳು.

ಭಂಡಾರಿ ಅವಳ ಕಡೆ ತಿರುಗಿದ. "ಅಮ್ಮಾ, ನಿಮ್ಮ ಯಜಮಾನರು ಬಾಡಕ್ಕೆ ಹೋಗುವಾಗ ಕೀಲಿ ತೆಗೆದುಕೊಂಡು ಹೋಗಿದ್ದರೇ?"

ಹೆಗಡೆ ಹೆಂಡತಿಯನ್ನು ನೋಡಿ ಮನೆಮಾತಿನಲ್ಲಿ ಹೇಳಿದ: "ನೀನು ಒಳಗೆ ನಡೆ. ನಿಂಗೆ ಎಂತ ಗೊತ್ತಿದ್ದು ಇದೆಲ್ಲ?"

"ಎಂಗೆ ಎಂತದೂ ಗೊತ್ತಿಲ್ಲೆ" ಎಂದಳು ಮಾದೇವಿ. ಆದರೆ ಒಳಗೆ ಹೋಗಲಿಲ್ಲ.

ಭಂಡಾರಿ ತಗ್ಗಿದ ದನಿಯಲ್ಲಿ, ಅವಳಿಗೇ ಹೇಳುವ ಹಾಗೆ ಹೇಳಿದ: "ದುರ್ಗ ಅಂತ ಒಬ್ಬ ಡ್ರೈವರ್ ಇದ್ದಾನೆ. ಜನ ಅವನ ಬಲಗೈ ಬೆರಳುಗಳನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದಾರೆ. ಇನ್ನು ಅವನು ಸ್ಟಿಯರಿಂಗ್ ಹಿಡಿಯುವುದು ಅನುಮಾನ. ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ನಾಳೆ ಅವನನ್ನು ಮತ್ತೆ ಹೊನ್ನಾವರದ ಕೋರ್ಟಿಗೆ ಒಯ್ಯಬೇಕು. ಅವನು ಮಾಡಿಲ್ಲ ಎಂದು ನನಗೆ ಗೊತ್ತು. ಈ ಮನೆಯಲ್ಲಿ ಇರುವವರಿಗೂ ಗೊತ್ತು."

ಮಾದೇವಿ ಚಹಾದ ಲೋಟವನ್ನು ಹೊಸಿಲಿನ ಪಕ್ಕದಲ್ಲಿ ಇಟ್ಟಳು.

"ಕೀಲಿ ಮನೆಯಲ್ಲೇ ಇತ್ತು" ಎಂದಳು.

"ಮಾದೇವಿ" ಎಂದ ಹೆಗಡೆ.

"ದೇವರಮನೆಯ ಗೂಟಕ್ಕೆ ನೇತು ಹಾಕಿತ್ತು. ಸಂಜೆ ಬಂದು ಕೇಳಿದರು. ಕೊಟ್ಟೆ."

"ಯಾರು ಕೇಳಿದರು?"

ಅವಳು ಗಂಡನ ಮುಖ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ನಡೆದಳು. ಮನೆಯೊಳಗೆ ಬಾಗಿಲೊಂದಕ್ಕೆ ಅಗಳಿ ಬಿದ್ದ ಸದ್ದು ಕೇಳಿತು.

ಹೆಗಡೆ ಮುಂದೆ ಬಂದು ನಿಂತ. ಶಾಲು ಜಾರಿ ಕೆಳಗೆ ಬಿದ್ದಿತ್ತು.

"ನನ್ನನ್ನೇ ಕರೆದುಕೊಂಡು ಹೋಗಿ. ನಾನೇ ಗುದ್ದಿದೆ ಎಂದು ಬರೆದುಕೊಳ್ಳಿ. ಸಹಿ ಹಾಕುತ್ತೇನೆ."

"ಬಾಡದಲ್ಲಿ ಚಹಾ ಕುಡಿಯುತ್ತ ಮುಟ್ಟಳ್ಳಿಯಲ್ಲಿ ಗುದ್ದಲು ಬರುವುದಿಲ್ಲ ಹೆಗಡೇರೆ. ಆ ಮನುಷ್ಯನಿಗಾಗಿ ಜೈಲಿಗೂ ಹೋಗುತ್ತೀರಾ?"

"ಹೋಗುತ್ತೇನೆ" ಎಂದ ಹೆಗಡೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಭಂಡಾರಿಗೆ ಅದೇ ಭಯ ಹುಟ್ಟಿಸಿತು.

ಊರಿನ ಇಬ್ಬರು ಪಂಚರ ಸಾಕ್ಷಿಯಲ್ಲಿ ಕಾರು ಜಪ್ತಿಯಾಯಿತು. ಶುರು ಮಾಡಲು ಭಂಡಾರಿ ಬಿಡಲಿಲ್ಲ. ಗದ್ದೆ ಕೆಲಸದವರನ್ನು ಕರೆದು, ನೂಕಿಸಿಕೊಂಡೇ ಸುಕ್ರಿಯ ಗುಡಿಸಲಿನ ಎದುರಿಗೆ ತಂದು ನಿಲ್ಲಿಸಿದ. ಕೀಲಿ ತನ್ನ ಕಿಸೆಗೆ ಹಾಕಿಕೊಂಡ. ಕಾವಲಿಗೆ ಮಾಬ್ಲನನ್ನು ಬಿಡಲು ಮನಸ್ಸಾಗಲಿಲ್ಲ. ಹಿಂದಿನ ಸೀಟಿನಲ್ಲಿ ತಾನೇ ಕಂಬಳಿ ಹೊದ್ದು ಬಿದ್ದುಕೊಂಡ.

ಮರುದಿನ ಕೋಳಿ ಕೂಗುವಾಗ ಎದ್ದು ಬಾನೆಟ್ಟು ಮುಟ್ಟಿದ. ಕೈ ಮರಗಟ್ಟುವಷ್ಟು ತಣ್ಣಗಿತ್ತು. ರೇಡಿಯೇಟರಿನ ಮೇಲೆ ಇಬ್ಬನಿ ಕೂತಿತ್ತು.

ತಟ್ಟಿಬಾಗಿಲ ಹತ್ತಿರ ಹೋಗಿ ಹೇಳಿದ: "ಸುಕ್ರಿ, ಈಗ ಒಂದು ಕಾರು ಶುರು ಮಾಡುತ್ತೇನೆ. ಹೆದರಬೇಡ. ಕಿವಿಗೊಟ್ಟು ಕೇಳು, ಅಷ್ಟೇ."

ಒಳಗಿಂದ ಕೂಸು ಚೀಪುವ ಸದ್ದು ಬಂತು.

ಮಾಬ್ಲ ಹ್ಯಾಂಡಲು ತಿರುಗಿಸಿದ. ಎಂಜಿನ್ನು ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹತ್ತಿಕೊಂಡಿತು.

ಡೊಗ್. ಡೊಗ್. ಡೊಗ್. ಡೊಗ್.

ಮಾಬ್ಲ ಹ್ಯಾಂಡಲು ಕಳಚಿಕೊಂಡು ಹಿಂದೆ ಸರಿದ. ಹಿಂದಿನ ದಿನ ಹೊಲಿಗೆ ಯಂತ್ರದ ಹಾಗಿದ್ದ ಎಂಜಿನ್ನು ಇದೇ ಎಂದು ನಂಬುವುದು ಕಷ್ಟವಾಗಿತ್ತು. ಯಾರೋ ಒಳಗೆ ಕೂತು ಕೊಡಕ್ಕೆ ಬಡಿಯುತ್ತಿದ್ದ ಹಾಗೆ, ಟೊಳ್ಳಾಗಿ, ಒಂದೇ ಸಮನೆ ಬಡಿಯುತ್ತಿತ್ತು.

ಭಂಡಾರಿ ಬಾನೆಟ್ಟು ಎತ್ತಿ, ಕೈಗೆ ಒಣ ಬಟ್ಟೆ ಸುತ್ತಿಕೊಂಡು, ಒಂದೊಂದೇ ಪ್ಲಗ್ಗಿನ ತಂತಿ ಎಳೆದು ನೋಡಿದ. ಮೊದಲನೆಯದನ್ನು ಎಳೆದಾಗ ಎಂಜಿನ್ನು ಕುಂಟಿತು, ಬಡಿತ ಹಾಗೆಯೇ ಇತ್ತು. ಎರಡನೆಯದನ್ನು ಎಳೆದ. ಬಡಿತ ಸೋತುಹೋಯಿತು. ತಿರುಗಿ ಸಿಕ್ಕಿಸಿದ. ಮತ್ತೆ ಡೊಗ್ ಡೊಗ್. ಸಿಡಿತದ ಬಲ ತಪ್ಪಿದರೆ ಪಿಸ್ಟನ್ನು ಗೋಡೆಗೆ ಬಡಿಯುವುದಿಲ್ಲ. ಎರಡನೇ ಸಿಲಿಂಡರಿನದ್ದೇ ದೋಷ, ಅನುಮಾನವಿಲ್ಲ.

ಆಮೇಲೆ ಏನೂ ಮುಟ್ಟದೆ ಕಾದ. ಒಂದು ಎಲೆಯಡಿಕೆ ಕವಳ ಹಾಕಿ ಜಗಿದು ಮುಗಿಸುವಷ್ಟರಲ್ಲಿ ಬಡಿತ ತೆಳುವಾಯಿತು, ಆಗೊಮ್ಮೆ ಈಗೊಮ್ಮೆ ಬಂತು, ನಿಂತೇಹೋಯಿತು. ಎಂಜಿನ್ನು ಸುಮ್ಮನೆ ಓಡತೊಡಗಿತು.

"ನಂಗೆ ಇದೆಲ್ಲ ಗೊತ್ತಿರ್ಲಿಲ್ಲ ಸಾಯ್ಬ್ರೇ" ಎಂದ ಮಾಬ್ಲ. ಮತ್ತೆ ಹೇಳಿದ: "ನೀವು ನನ್ಮೇಲೆ ಅನುಮಾನ ಪಟ್ಟಿದ್ದು ಗೊತ್ತಾತು. ನಾ ನನ್ನ ತಮ್ಮಂಗೆ ಎಂತದೂ ಹೇಳ್ಲಿಲ್ಲ. ಮಕ್ಕಳ ಮೇಲಾಣೆ."

ಭಂಡಾರಿ ಎಂಜಿನ್ನು ನಿಲ್ಲಿಸಿ, ಅವನ ಭುಜದ ಮೇಲೊಮ್ಮೆ ಕೈಯಿಟ್ಟು, ಗುಡಿಸಲಿನ ಕಡೆ ನಡೆದ.

ಸುಬ್ಬಿ ಬಾಗಿಲಿಗೆ ಅಡ್ಡ ನಿಂತಿದ್ದಳು. "ಬಾಣಂತಿ ನಿದ್ದೆ ಮಾಡ್ತದೆ ಒಡೆಯಾ."

"ಇಷ್ಟು ಸದ್ದಿನಲ್ಲಿ?"

"ಅತ್ತೇ, ಅವ್ರು ಬರ್ಲಿ" ಎಂದಿತು ಒಳಗಿನ ದನಿ.

ಭಂಡಾರಿ ಒಳಗೆ ಹೋಗಿ ಬಿದಿರಿನ ತಟ್ಟಿಯ ಈಚೆ ಕುಕ್ಕುರುಗಾಲಲ್ಲಿ ಕೂತ. ಸಂದಿನಲ್ಲಿ ಬೆಂಕಿಯ ಬೆಳಕು, ಕಂಬಳಿಯಲ್ಲಿ ಸುತ್ತಿದ ಕೂಸು, ಸುಕ್ರಿಯ ಅರ್ಧ ಮುಖ ಕಾಣುತ್ತಿತ್ತು.

"ಇದೇ ಸದ್ದೇನು?"

"ಇದೇ."

"ಚೆನ್ನಾಗಿ ಯೋಚಿಸಿ ಹೇಳು."

"ಯೋಚ್ನೆ ಮಾಡುದೆಂತದು? ದಿನಾ ಕಣ್ಣು ಮುಚ್ಚಿದ್ರೆ ಇದೇ ಕೇಳ್ತದೆ ನಂಗೆ." ಅವಳು ಕೂಸನ್ನು ಎದೆಗೆ ಎಳೆದುಕೊಂಡಳು. "ಆದ್ರೆ ಆ ದಿನ ಅದು ಓಡ್ತಾ ಹೋದ್ದಲ್ಲ ಒಡೆಯಾ. ಬಂದು ನಿಂತ್ಕಂಡಿತ್ತು. ಇಲ್ಲೇ, ಈಗ ನಿಂತ ಹಾಂಗೇ. ನಿಂತಲ್ಲೇ ಕುಟ್ತಿತ್ತು."

ಅಲ್ಲಿಯವರೆಗೆ ಭಂಡಾರಿ ಹುಡುಕುತ್ತಿದ್ದದ್ದು ಕತ್ತಲಲ್ಲಿ ಗುದ್ದಿ ಹೆದರಿ ಓಡಿಹೋದವನನ್ನು.

"ನಿಂತಿತ್ತೇ? ಇದನ್ನು ಮೊದಲು ಯಾಕೆ ಹೇಳಲಿಲ್ಲ?"

"ಜ್ವರದಾಗೆ ಎಂತೆಂತದೋ ಮಾತಾಡ್ತದೆ ಅದು" ಎಂದು ಸುಬ್ಬಿ ಮಧ್ಯೆ ಬಾಯಿ ಹಾಕಿದಳು. "ಕೂಸಿಗೆ ಮೈ ಬಿಸಿ. ಔಷಧಿ ನಡೀತದೆ. ನಮ್ಮಂತೋರು ದೊಡ್ಡೋರ ಹೆಸ್ರು ತೆಗ್ದು ಬದುಕುದುಂಟಾ?"

"ಯಾರ ಹೆಸರು ಸುಬ್ಬಿ?"

ಮುದುಕಿ ಬೆಂಕಿಗೆ ಇನ್ನೊಂದು ಕೊಳ್ಳಿ ಒಟ್ಟಿದಳು.

"ನಾ ಹೇಳ್ತೆ" ಎಂದಳು ಸುಕ್ರಿ. ಅವಳ ದನಿ ಸಣ್ಣದಾಗಿತ್ತು, ಆದರೆ ತಡವರಿಸಲಿಲ್ಲ. "ದೇವಕ್ಕ ನನ್ ಹೊಟ್ಟೆಗೆ ಬಟ್ಟೆ ಕಟ್ತಿತ್ತು. ಕಾರು ಬಂದು ನಿಂತದ್ದೇ ಅದ್ರ ಕೈ ಹಾಂಗೇ ನಿಂತುಹೋತು. 'ಇಲ್ಲಿಗೂ ಬಂದ್ರು' ಅಂತು. ಗಂಟು ಬಿಗಿದು ಮುಗ್ಸಿ, ಕೂಸಿನ ತಲೆ ಮುಟ್ಟಿ, ಎದ್ದು ಬಾಗ್ಲಿಗೆ ಹೋತು. ಹೊರಗಿಂದ ಯಾರೋ ಎಂತದೋ ಹೇಳಿದ್ರು. ಮೆಲ್ಲಗೆ. ನಂಗೆ ಕೇಳ್ಲಿಲ್ಲ. ದೇವಕ್ಕ ಹೇಳಿದ್ದು ಮಾತ್ರ ಕೇಳ್ತು."

"ಏನು ಹೇಳಿದಳು?"

"'ನಾ ನಿಮ್ಮ ಕಾರು ಹತ್ತುದಿಲ್ಲ. ಆ ಹುಡುಗಿ ಸತ್ತದ್ದು ಹೇಂಗೆ ಅಂತ ಕಾರವಾರಕ್ಕೆ ಹೋಗಿ ದೊಡ್ಡ ಸಾಯ್ಬ್ರಿಗೆ ಹೇಳೇ ಹೇಳ್ತೆ, ಡಾಕ್ಟ್ರೇ' ಅಂತು. ಹಾಂಗೆ ಹೇಳಿ ರಸ್ತೆ ಹಿಡೀತು. ಕಾರು ಜೋರಾಗಿ ಕುಟ್ಟೂಕೆ ಶುರುವಾತು."

ಬೆಂಕಿಯಲ್ಲಿ ಒಂದು ಕೊಳ್ಳಿ ಮುರಿದು ಬಿತ್ತು. ಸ್ಟೆಥಾಸ್ಕೋಪು ಕಿವಿಯಲ್ಲಿದ್ದರೂ ಸುಕ್ರಿಯ ಸದ್ದಿನ ಮಾತು ಡಾಕ್ಟರಿಗೆ ಕೇಳಿತ್ತು, ಹೆಗಡೆಗೆ ಮುಟ್ಟಿಸಿದವರು ಅವರೇ ಎಂದು ಭಂಡಾರಿಗೆ ಹೊಳೆಯಿತು. ದೇವಿಯ ಶವ ನೋಡಿ 'ದೂರದಿಂದ ವೇಗವಾಗಿ ಬಂದ ಗಾಡಿ' ಎಂದವರು ಡಾಕ್ಟರ್ ರಮಾಕಾಂತ. ಆ ಮಾತಿನ ಮೇಲೆಯೇ ಜನ ದುರ್ಗನನ್ನು ಹಿಡಿದದ್ದು. ಆ ಹುಡುಗಿ ಯಾರು, ಸತ್ತದ್ದು ಯಾವಾಗ, ಭಂಡಾರಿಗೆ ಗೊತ್ತಿರಲಿಲ್ಲ. ಇಡೀ ಪ್ರಕರಣದಲ್ಲಿ ಅಂಥ ಹೆಸರೇ ಬಂದಿರಲಿಲ್ಲ.

"ಈ ಮಾತು ಇನ್ನು ಯಾರಿಗೂ ಹೇಳಬೇಡ" ಎಂದ. "ಇವತ್ತು ಮಧ್ಯಾಹ್ನದೊಳಗೆ ನಿನ್ನನ್ನೂ ಕೂಸನ್ನೂ—"

ಬಾಗಿಲ ಬೆಳಕು ಕಪ್ಪಾಯಿತು.

"ಯಾರು, ಫೌಜದಾರರೇ? ಇಷ್ಟು ಬೇಗ?"

ಡಾಕ್ಟರ್ ರಮಾಕಾಂತ ಬಗ್ಗಿ ಒಳಗೆ ಬಂದರು. ಬಿಳಿ ಕೋಟು, ಕೈಯಲ್ಲಿ ಚರ್ಮದ ಚೀಲ. ಚಪ್ಪಲಿ ಹೊರಗೆ ಬಿಟ್ಟಿದ್ದರು. ಅದನ್ನು ಬಿಡುವ ಸದ್ದು ಭಂಡಾರಿಗೆ ಕೇಳಿರಲಿಲ್ಲ. ಹೊರಗೆ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಏನಾದರೂ ಹೇಳಿದಳೇ?"

"ಅದೇ ಹಳೆಯ ಮಾತು" ಎಂದ ಭಂಡಾರಿ. "ಹೊಸದೇನಿಲ್ಲ."

"ಪಾಪ. ತಲೆ ಸರಿಯಿಲ್ಲ ಅವಳಿಗೆ. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದೆ." ಅವರು ತಟ್ಟಿ ಸರಿಸಿ, ಬೆಂಕಿಯ ಪಕ್ಕದಲ್ಲಿ ಕೂತು ಚೀಲ ತೆರೆದರು. ಬಟ್ಟೆಯಲ್ಲಿ ಸುತ್ತಿದ್ದ ಸೂಜಿಯನ್ನು ಬಿಚ್ಚಿದರು. ಮದ್ದನ್ನು ಆಗಲೇ ತುಂಬಿಸಿಕೊಂಡು ಬಂದಿದ್ದರು. "ಇವತ್ತೊಂದು ಇಂಜೆಕ್ಷನ್ ಕೊಟ್ಟರೆ ಚೆನ್ನಾಗಿ ನಿದ್ದೆ ಬರುತ್ತದೆ. ನೀವು ಸ್ವಲ್ಪ ಹೊರಗೆ ಹೋಗುತ್ತೀರಾ ಫೌಜದಾರರೆ? ಹೆಂಗಸು ನೋಡಿ."

ತಡೆದರೆ ಸುಕ್ರಿ ಬಾಯಿಬಿಟ್ಟಿದ್ದಾಳೆಂದು ಅವರಿಗೆ ಖಾತ್ರಿಯಾಗುತ್ತದೆ. ಬಾಣಂತಿಯ ಒಂದು ಮಾತು ಬಿಟ್ಟರೆ ಭಂಡಾರಿಯ ಕೈಯಲ್ಲಿ ಬೇರೇನೂ ಇಲ್ಲ. ತಡೆಯದಿದ್ದರೆ ಆ ಮಾತೂ ಉಳಿಯುವುದಿಲ್ಲ.

ಸುಕ್ರಿ ಭಂಡಾರಿಯನ್ನೇ ನೋಡುತ್ತಿದ್ದಳು.

ಸುಬ್ಬಿ ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡು, ಅವಳ ತೋಳಿನ ಮೇಲಿನ ಕಂಬಳಿಯನ್ನು ಸರಿಸಿ, ಆ ತೋಳನ್ನು ಸೂಜಿಗಾಗಿ ಡಾಕ್ಟರ ಕಡೆಗೆ ಚಾಚಿ ಹಿಡಿದಳು.